ಬಿದ್ದದ್ದು ಒಂದಿಂಚು, ಮೊಬೈಲ್ ತೋರಿಸಿದ್ದು 37 ಸೆಂಟ್ಸ್: ತೋಟದ ಹವಾಮಾನ ಕೇಂದ್ರ ತಪ್ಪು ಹೇಳಿದರೆ ಎಲ್ಲೆಲ್ಲಿ ಹುಡುಕಬೇಕು

ಮಾರ್ಚ್ ತಿಂಗಳ ಮಧ್ಯ. ಸಂಜೆ ಆರೂಕಾಲಿಗೆ ಹಿಡಿದ ಮಳೆ ಏಳಕ್ಕೆಲ್ಲ ಬಿಟ್ಟಿತು. ಆ ವರ್ಷದ ಮೊದಲ ಮಳೆ. ಎಂಟು ಗಂಟೆಗೆ ಮೊಬೈಲ್ ತೆಗೆದು ನಮ್ಮ ಹವಾಮಾನ ಕೇಂದ್ರದ (ತೋಟದಲ್ಲಿ ಕಂಬಕ್ಕೆ ಕೂರಿಸಿದ, ಮಳೆ, ಬಿಸಿ, ಗಾಳಿ ಅಳೆದು ಮೊಬೈಲ್‌ಗೆ ಕಳಿಸುವ ಯಂತ್ರ) ಲೆಕ್ಕ ನೋಡಿದೆ. 9.4 ಮಿ.ಮೀ. ಅಂದರೆ 37 ಸೆಂಟ್ಸ್. ತಲೆ ಕೆಟ್ಟಿತು.

ಕಾಫಿ ಸೀಮೆಯವರಿಗೆ ಇದು ಗೊತ್ತು, ಉಳಿದವರಿಗೆ ಹೇಳುತ್ತೇನೆ. ನಮ್ಮದು ಸಕಲೇಶಪುರ ಕಡೆ, ರೋಬಸ್ಟಾ ಜಾಸ್ತಿ. ಇಲ್ಲಿ ಮಳೆಯನ್ನು ಈಗಲೂ ಇಂಚು, ಸೆಂಟ್ಸ್ ಲೆಕ್ಕದಲ್ಲೇ ಹೇಳುತ್ತಾರೆ. ನೂರು ಸೆಂಟ್ಸ್‌ಗೆ ಒಂದಿಂಚು. ರೋಬಸ್ಟಾ ಮೊಗ್ಗು ಚೆನ್ನಾಗಿ ಅರಳಬೇಕಾದರೆ ಸುಮಾರು ಒಂದಿಂಚು ಹೂಮಳೆ ಬೇಕು ಅನ್ನುವುದು ನಮ್ಮಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಅಷ್ಟು ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮೂವತ್ತು-ನಲವತ್ತು ಸೆಂಟ್ಸ್ ಉದುರಿಸಿ ಹೋದರೆ ಮಾತ್ರ ಮಳೆ ಬಾರದೇ ಇದ್ದದ್ದಕ್ಕಿಂತ ಫಜೀತಿ. ಮೊಗ್ಗಿಗೆ ಎಚ್ಚರವಾಗುತ್ತದೆ, ಅರಳಲು ನೀರು ಸಾಲುವುದಿಲ್ಲ. ಆಗ ತಡ ಮಾಡದೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿಸಬೇಕು. ಕೆರೆಯಲ್ಲಿರುವ ನೀರು ಎಷ್ಟು, ಅದರಲ್ಲಿ ಹೂವಿಗೆ ಎಷ್ಟು, ಎರಡು-ಮೂರು ವಾರ ಬಿಟ್ಟು ಕೊಡಬೇಕಾದ ಬ್ಯಾಕಿಂಗ್‌ಗೆ (ಅರಳಿದ ಹೂವು ಕಾಯಿ ಕಟ್ಟಲು ಬೇಕಾದ ಎರಡನೇ ನೀರು) ಎಷ್ಟು ಎನ್ನುವ ಲೆಕ್ಕವೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಒಂಬತ್ತಕ್ಕೆ ಪಕ್ಕದ ತೋಟದವರ ಫೋನು ಬಂತು. ಮಳೆ ನಿಂತ ಮೇಲೆ ಇಲ್ಲಿ ಎಲ್ಲರ ಫೋನೂ ಬಡಿದುಕೊಳ್ಳುತ್ತದೆ, ಎಲ್ಲರದ್ದೂ ಒಂದೇ ಪ್ರಶ್ನೆ: "ನಿಮ್ಮಲ್ಲಿ ಎಷ್ಟಾಯ್ತು?" ಅವರಿಗೆ ಒಂದಿಂಚು ಹತ್ತು ಸೆಂಟ್ಸ್. ನನಗೆ ಹೊಟ್ಟೆ ಉರಿಯಿತೇ ಹೊರತು ಅನುಮಾನ ಬರಲಿಲ್ಲ. ಬೇಸಿಗೆ ಮಳೆ ಅಲ್ವಾ, ರಸ್ತೆಯ ಆಚೆ ಹೊಯ್ದು ಈಚೆ ಬಿಡುವುದು ಹೊಸದೇನಲ್ಲ. ಬೆಳಗ್ಗೆ ಐದಕ್ಕೆ ಪಂಪ್ ಚಾಲು ಮಾಡಿಸಿದೆ.

ಹನ್ನೊಂದು ಗಂಟೆ ಸುಮಾರಿಗೆ ಪೈಪ್ ಬದಲಾಯಿಸುವುದನ್ನು ನೋಡಲು ಹೋದವನು ಹವಾಮಾನ ಕೇಂದ್ರದ ಕಂಬದ ಪಕ್ಕ ಹಾದುಹೋದೆ. ಸುಡುವ ಬಿಸಿಲು. ಕಂಬದ ಕಡೆಯಿಂದ ಸಣ್ಣಗೆ "ಟಿಕ್" ಅಂತ ಸದ್ದು. ನಿಂತೆ. ಐದಾರು ನಿಮಿಷ ಬಿಟ್ಟು ಇನ್ನೊಂದು "ಟಿಕ್". ಮಳೆ ನಿಂತು ಹದಿನಾರು ಗಂಟೆಯಾಗಿದೆ, ಮಾಪಕ ಇನ್ನೂ ಮಳೆ ಎಣಿಸುತ್ತಿದೆ! ಮೇಲಿನ ಆಲಿಕೆಯನ್ನು ಇಣುಕಿ ನೋಡಿದರೆ ಒಳಗೆ ಮೂರು ಬೆರಳು ನೀರು ನಿಂತಿದೆ, ಅದರ ಮೇಲೆ ಸಿಲ್ವರ್ ಓಕ್ ಎಲೆಯ ಚೂರು ತೇಲುತ್ತಿದೆ. ನೀರು ಚೆಲ್ಲಿ ಕೆಳಗಿನ ತೂತು ನೋಡಿದೆ. ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟಿ, ಸೂಜಿ ಹೋಗುವಷ್ಟು ಮಾತ್ರ ಜಾಗ ಬಿಟ್ಟಿತ್ತು.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಮಳೆ ಇಲ್ಲ ಅಂತಲೇ ಹೇಳಬೇಕು. ಆ ಮೂರ್ನಾಲ್ಕು ತಿಂಗಳು ಆಲಿಕೆ ಒಣಗಿ ನಿಂತಿರುತ್ತದೆ, ಜೇಡ ಬಲೆ ಕಟ್ಟುತ್ತದೆ, ಕಣಜ ಮನೆ ಮಾಡುತ್ತದೆ, ಹಕ್ಕಿ ಕೂತು ಹಿಕ್ಕೆ ಹಾಕುತ್ತದೆ. ಅಷ್ಟೆಲ್ಲ ಆದ ಮೇಲೆ ಬೀಳುವ ಮೊದಲ ಮಳೆಯೇ ಹೂಮಳೆ. ಇಡೀ ವರ್ಷದಲ್ಲಿ ಯಾವ ಮಳೆಯ ಅಳತೆ ನಮಗೆ ಸರಿಯಾಗಿ ಬೇಕೋ, ಅದು ಬೀಳುವುದು ಮಾಪಕ ಅತ್ಯಂತ ಕೊಳಕಾಗಿರುವ ದಿನ. ಎರಡು ಶಿಫ್ಟ್ ಡೀಸೆಲ್ ಸುಟ್ಟ ಮೇಲೆ ಇದು ನನ್ನ ತಲೆಗೆ ಹೋಯಿತು. ಆಮೇಲೆ ಒಂದೊಂದೇ ದೋಷ ಹಿಡಿಯುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಾಫಿಗೆ ಅಂತಲ್ಲ, ಆಲೂಗೆಡ್ಡೆ, ದ್ರಾಕ್ಷಿ, ಅಡಿಕೆ, ಯಾವುದಕ್ಕೆ ಕಂಬ ನೆಟ್ಟಿದ್ದರೂ ಹುಡುಕುವ ದಾರಿ ಇದೇ.

ಕಂಬದ ಹತ್ತಿರ ಹೋಗುವ ಮೊದಲು

ಮೊದಲು ನೀವು ನೋಡುತ್ತಿರುವ ಅಂಕಿ ನಿಮ್ಮ ಮಾಪಕದ್ದೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ನಗಬೇಡಿ. ಕೆಲವು ಆ್ಯಪ್‌ಗಳು ಕೇಂದ್ರದಿಂದ ಮಾಹಿತಿ ಬಾರದಿದ್ದಾಗ ಆ ಜಾಗದ ಅಂದಾಜು ಮಳೆಯನ್ನು ಅದೇ ಅಕ್ಷರದಲ್ಲಿ, ಅದೇ ಬಣ್ಣದಲ್ಲಿ ತೋರಿಸಿಬಿಡುತ್ತವೆ. ಅದು ಕಂಪ್ಯೂಟರ್ ಲೆಕ್ಕ ಹಾಕಿದ ಮಳೆ, ಹಲವು ಕಿಲೋಮೀಟರ್ ಅಗಲದ ಚೌಕಕ್ಕೆಲ್ಲ ಸೇರಿ ಒಂದು ಅಂಕಿ. ಫೋನಿನ ಜೊತೆಗೇ ಬರುವ ಹವಾಮಾನ ಆ್ಯಪ್‌ನಲ್ಲಿ "ನಿನ್ನೆ 3 ಮಿ.ಮೀ." ಅಂತ ಕಂಡರೆ ಸಾಮಾನ್ಯವಾಗಿ ಅದೂ ಇಂಥದ್ದೇ. ಯಾರೂ ಬಟ್ಟಲಿಟ್ಟು ಅಳೆದದ್ದಲ್ಲ.

ಎರಡನೆಯದು ಸೊನ್ನೆ. ಸೊನ್ನೆಗೂ ಖಾಲಿಗೂ ವ್ಯತ್ಯಾಸ ಇದೆ. ಮಳೆ ಬಂದಿಲ್ಲ ಅಂದರೂ 0, ಕೇಂದ್ರವೇ ಸತ್ತು ಬಿದ್ದಿದೆ ಅಂದರೂ 0 ತೋರಿಸುವ ಆ್ಯಪ್‌ಗಳಿವೆ, ನನ್ನದೂ ಅಂಥದ್ದೇ. ಇದನ್ನು ಹಿಡಿಯುವುದು ಸುಲಭ. ಮಳೆಯ ಗ್ರಾಫ್ ಬಿಟ್ಟು ಅದೇ ಹೊತ್ತಿನ ಉಷ್ಣಾಂಶದ ಗ್ರಾಫ್ ನೋಡಿ. ಗೆರೆ ಏರಿಳಿದಿದ್ದರೆ ಕೇಂದ್ರ ಎಚ್ಚರವಿತ್ತು, ಸೊನ್ನೆ ನಿಜವಾದ ಸೊನ್ನೆ ಇರಬಹುದು. ಆ ಹೊತ್ತಿನಲ್ಲಿ ಗೆರೆಯೇ ಇಲ್ಲ, ಅಥವಾ ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗಿದೆ ಅಂದರೆ ಆ ಸೊನ್ನೆಯನ್ನು ನಂಬಬೇಡಿ.

ಮೂರನೆಯದು ದಿನ ಯಾವಾಗ ಶುರುವಾಗುತ್ತದೆ ಅನ್ನುವುದು. ಇದೊಂದೇ ನನ್ನ ಎಷ್ಟು ಸಂಜೆಗಳನ್ನು ತಿಂದಿದೆಯೋ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಅಂದರೆ 14ನೇ ತಾರೀಖು ಸಂಜೆ ಹೊಯ್ದ ಮಳೆ ಅವರ ಪಟ್ಟಿಯಲ್ಲಿ 15ಕ್ಕೆ ಬರುತ್ತದೆ. ತೋಟದ ರೈಟರ್ ಬೆಳಗ್ಗೆ ಎಂಟಕ್ಕೆ ಅಳೆದು ಪುಸ್ತಕದಲ್ಲಿ ಬರೆಯುವುದೂ ಹೆಚ್ಚುಕಡಿಮೆ ಹಾಗೇ. ನಮ್ಮ ಆ್ಯಪ್ ಮಾತ್ರ ಮಧ್ಯರಾತ್ರಿಗೆ ದಿನ ಮುಗಿಸುತ್ತದೆ. ಇನ್ನು ಕೆಲವು ಗ್ರೀನ್‌ವಿಚ್ ಸಮಯ ಹಿಡಿದು ಓಡುತ್ತವೆ, ಅವಕ್ಕೆ ಹೊಸ ದಿನ ಹುಟ್ಟುವುದು ನಮ್ಮ ಬೆಳಗ್ಗೆ 5.30ಕ್ಕೆ. ಜುಲೈನಲ್ಲಿ ರಾತ್ರಿಯಿಡೀ ಸುರಿದ ಒಂದೇ ಮಳೆ ಮೂರು ಕಡೆ ಮೂರು ರೀತಿ ತುಂಡಾಗುತ್ತದೆ. ಯಾವುದೂ ಸುಳ್ಳಲ್ಲ, ಹೋಲಿಸಲು ಮಾತ್ರ ಬರುವುದಿಲ್ಲ. ಹೋಲಿಸುವುದಾದರೆ ಗಂಟೆವಾರು ಮಾಹಿತಿ ಇಳಿಸಿಕೊಂಡು 8.30ರಿಂದ 8.30ಕ್ಕೆ ನೀವೇ ಕೂಡಿಸಿ. ಹೂಮಳೆಯ ದಿನ ನಾನು ಮಾಡಿದ ಇನ್ನೊಂದು ತಪ್ಪೂ ಇದೇ. ಮಧ್ಯರಾತ್ರಿಯ ನಂತರ ತೊಟ್ಟಿಕ್ಕಿದ ನೀರೆಲ್ಲ "ಇಂದು" ಅನ್ನುವ ಖಾನೆಗೆ ಹೋಗಿತ್ತು, ನಾನು "ನಿನ್ನೆ"ಯನ್ನಷ್ಟೇ ನೋಡಿಕೊಂಡು ಪಂಪ್ ಹಾಕಿಸಿದ್ದೆ.

ಮಳೆ ಕಡಿಮೆ ತೋರಿಸುತ್ತಿದೆ

ಹೆಚ್ಚಿನ ಸ್ವಯಂಚಾಲಿತ ಮಳೆಮಾಪಕದ ಒಳಗೆ ಒಂದು ಜೋಡಿ ಬಟ್ಟಲು ಏತದ ಹಾಗೆ ತೂಗುತ್ತಿರುತ್ತದೆ. ಆಲಿಕೆಯಿಂದ ಇಳಿದ ನೀರು ಒಂದು ಬಟ್ಟಲು ತುಂಬುತ್ತದೆ, ಅದು ಮಗುಚಿ ಇನ್ನೊಂದು ಬಟ್ಟಲು ಮೇಲೆ ಬರುತ್ತದೆ. ನಮ್ಮದರಲ್ಲಿ ಒಂದು ಮಗುಚಿಗೆ 0.2 ಮಿ.ಮೀ. ಎಷ್ಟು ಸಲ ಮಗುಚಿತು ಅನ್ನುವುದನ್ನು ಒಂದು ಅಯಸ್ಕಾಂತ, ಒಂದು ಸ್ವಿಚ್ ಸೇರಿ ಎಣಿಸುತ್ತವೆ. ಅಷ್ಟೇ ಯಂತ್ರ. ಇಷ್ಟು ಸರಳವಾದ್ದರಿಂದ ದೋಷಗಳಿಗೂ ಒಂದೊಂದು ಗುರುತು ಇದೆ.

ಅರ್ಧ ಕಟ್ಟಿಕೊಂಡ ಆಲಿಕೆಯ ಗುರುತು ಬಾಲ. ಸರಿಯಾದ ಗ್ರಾಫ್‌ನಲ್ಲಿ ಮಳೆ ಎದ್ದು ಕುಣಿದು ನಿಲ್ಲುತ್ತದೆ. ಕಟ್ಟಿಕೊಂಡಿದ್ದರೆ ಎಷ್ಟೇ ಜೋರು ಮಳೆಯಾದರೂ ಗ್ರಾಫ್ ಒಂದು ಮಟ್ಟಕ್ಕಿಂತ ಮೇಲೇಳುವುದಿಲ್ಲ, ಆಮೇಲೆ ಗಂಟೆಗಟ್ಟಲೆ 0.2, 0.2, 0.2 ಅಂತ ಸಮನಾಗಿ ತೊಟ್ಟಿಕ್ಕುತ್ತದೆ. ಬಿಸಿಲು ಬಿದ್ದು ಉಷ್ಣಾಂಶ ಏರುತ್ತಿರುವಾಗಲೂ ಮಳೆ ಬೀಳುತ್ತಿದೆ ಅಂದರೆ ಬೇರೇನೂ ಯೋಚಿಸಬೇಡಿ, ಆಲಿಕೆ ಎತ್ತಿ ನೋಡಿ. ಪೂರ್ತಿ ಕಟ್ಟಿದ್ದರೆ ಬಾಲವೂ ಇಲ್ಲ, ಬರೀ ಸೊನ್ನೆ.

ಆಲಿಕೆ ಶುದ್ಧವಿದೆ, ಆದರೂ ಪ್ರತಿ ಮಳೆಯೂ ಒಂದೇ ಪ್ರಮಾಣದಲ್ಲಿ ಕಡಿಮೆ ಅಂದರೆ ಅದು ಲೆಕ್ಕದ ದೋಷ. ಇದನ್ನು ಅಡುಗೆಮನೆಯ ಸಾಮಾನಿನಲ್ಲೇ ಪರೀಕ್ಷಿಸಬಹುದು. ಆಲಿಕೆಯ ಬಾಯಿ ಅಳೆಯಿರಿ. ನನ್ನದು 20 ಸೆಂ.ಮೀ. ಅರ್ಧ ಅಂದರೆ 10. ಹತ್ತು ಹತ್ತಲಿ ನೂರು, ಅದಕ್ಕೆ 3.14ರಿಂದ ಗುಣಿಸಿದರೆ 314 ಚದರ ಸೆಂ.ಮೀ. ಈ ಬಾಯಿಗೆ 20 ಮಿ.ಮೀ. ಮಳೆ ಬಿದ್ದರೆ ಸಿಗುವ ನೀರು 628 ಮಿ.ಲೀ. ಒಂದು ಮಗುಚಿಗೆ 0.2 ಆದರೆ ಸರಿಯಾಗಿ ನೂರು ಸಲ ಮಗುಚಬೇಕು. ಮಗುವಿಗೆ ಔಷಧಿ ಕುಡಿಸುವ ಅಳತೆ ಲೋಟದಲ್ಲಿ 628 ಮಿ.ಲೀ. ಅಳೆದು ನೀರಿನ ಬಾಟಲಿಗೆ ತುಂಬಿ. ಮುಚ್ಚಳಕ್ಕೆ ಸೂಜಿಯಲ್ಲಿ ಒಂದು ತೂತು, ಗಾಳಿಗೆ ಬುಡದಲ್ಲಿ ಇನ್ನೊಂದು. ಬಾಟಲಿ ತಲೆಕೆಳಗು ಮಾಡಿ ಆಲಿಕೆಯ ಮೇಲೆ ಕಟ್ಟಿ, ಖಾಲಿಯಾಗಲು ಒಂದು ಗಂಟೆ ಹಿಡಿಯುವ ಹಾಗೆ ಬಿಡಿ. ಸುಮ್ನೆ ಚೊಂಬಿನಲ್ಲಿ ಸುರಿಯಬೇಡಿ. ರಭಸಕ್ಕೆ ಬಟ್ಟಲು ಮಗುಚುವಾಗಲೇ ನೀರು ಸೋರಿ ಲೆಕ್ಕ ತಪ್ಪುತ್ತದೆ.

ಎಣಿಕೆ 97ರಿಂದ 103ರೊಳಗೆ ಬಂದರೆ ನಾನು ಕೈ ಹಚ್ಚುವುದಿಲ್ಲ. 90, 110 ಹೀಗೆ ಬಂದರೆ ಬಟ್ಟಲಿನ ಕೆಳಗಿನ ಎರಡು ತಿರುಪುಗಳನ್ನು ಎರಡೂ ಕಡೆ ಸಮನಾಗಿ ಕಾಲು ಸುತ್ತು ತಿರುಗಿಸಿ ಮತ್ತೆ ಪರೀಕ್ಷೆ ಮಾಡಬೇಕು. 79ರ ಹತ್ತಿರ ಬಂದರೆ ತಿರುಪು ಮುಟ್ಟಲೇಬೇಡಿ! ನಿಮ್ಮದು ಇಂಚಿನ ಮಾಪಕ, ಒಂದು ಮಗುಚಿಗೆ ಒಂದು ಸೆಂಟ್, ಅಂದರೆ 0.254 ಮಿ.ಮೀ. ಅದನ್ನು ಆ್ಯಪ್‌ನಲ್ಲಿ 0.2 ಅಂತ ನಮೂದಿಸಿದ್ದಾರೆ. ಮಾಪಕ ಸರಿಯಿದೆ, ಸೆಟ್ಟಿಂಗ್ ತಪ್ಪಿದೆ. ಹೀಗಿದ್ದರೆ ಪೂರಾ ಒಂದಿಂಚು ಬಿದ್ದರೂ ಮೊಬೈಲ್‌ನಲ್ಲಿ 20 ಮಿ.ಮೀ. ಕಾಣುತ್ತದೆ. ಐದು ಮಿ.ಮೀ. ಸಾಲಲಿಲ್ಲ ಅಂತ ನೀವು ಪಂಪ್ ಹಾಕಿಸುತ್ತೀರಿ. ಪರಿಚಯದವರೊಬ್ಬರ ತೋಟದಲ್ಲಿ ಎರಡು ವರ್ಷ ಹೀಗೇ ನಡೆದಿತ್ತು. ಕೇಂದ್ರ ಕೂರಿಸಿ ಹೋದವರಿಗೆ ಫೋನ್ ಮಾಡಿದರೆ "ಸಾರ್, ಬೇಸಿಗೆ ಮಳೆ ಒಂದೊಂದು ಕಡೆ ಒಂದೊಂದು ಥರ" ಅಂತಲೇ ಉತ್ತರ. ಅದೂ ಸುಳ್ಳಲ್ಲ, ಅದಕ್ಕೇ ಯಾರೂ ಮುಂದಕ್ಕೆ ಕೇಳಲಿಲ್ಲ.

200 ಬಂದರೆ ಸ್ವಿಚ್ ಒಂದು ಸಲ ಮುಚ್ಚುವ ಬದಲು ಅದುರಿ ಎರಡು ಸಲ ಎಣಿಸುತ್ತಿದೆ. ಆಲಿಕೆ ತೆಗೆದು ಬಟ್ಟಲನ್ನು ಬೆರಳಲ್ಲೇ ನಿಧಾನವಾಗಿ ಹತ್ತು ಸಲ ಮಗುಚಿ, ಆ್ಯಪ್‌ನಲ್ಲಿ ಹತ್ತು ಬಂತಾ ಇಪ್ಪತ್ತು ಬಂತಾ ನೋಡಿ. ಏನೂ ಬರದಿದ್ದರೆ ತಂತಿ ಕಡಿದಿದೆ ಅಥವಾ ಅಯಸ್ಕಾಂತ ಕಳಚಿದೆ. ತಂತಿಯನ್ನು ಅಳಿಲು ಕಡಿಯುವುದು ನಮ್ಮಲ್ಲಿ ತೀರಾ ಮಾಮೂಲು. ಒಂದು ಮಾತು ಮರೆಯಬೇಡಿ: ಪರೀಕ್ಷೆ ಮಾಡಿದ ದಿನ, ಹೊತ್ತು ಬರೆದಿಡಿ. ಇಲ್ಲದಿದ್ದರೆ ವರ್ಷದ ಕೊನೆಗೆ ಜನವರಿಯಲ್ಲಿ 20 ಮಿ.ಮೀ. ಮಳೆ ಯಾವಾಗ ಬಂತಪ್ಪ ಅಂತ ನೀವೇ ತಲೆ ಕೆರೆದುಕೊಳ್ಳುತ್ತೀರಿ. ನಾನು ಕೆರೆದುಕೊಂಡಿದ್ದೇನೆ.

ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದು, ಮಳೆಯಲ್ಲಿ ಮಾತ್ರ ಕಡಿಮೆ ಬರುತ್ತಿದ್ದರೆ ದೋಷ ಜಾಗದ್ದು. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು ಅನ್ನುವುದು ನಿಯಮ. ಕಾಫಿ ತೋಟದಲ್ಲಿ ಅಷ್ಟು ಬಯಲು ಎಲ್ಲಿಂದ ತರುವುದು? ಕಣದ ಅಂಚೇ ಗತಿ. ಅಲ್ಲೂ ವರ್ಷದಿಂದ ವರ್ಷಕ್ಕೆ ಸಿಲ್ವರ್ ಓಕ್ ಬೆಳೆದು ಓರೆ ಮಳೆಯನ್ನು ತಡೆಯುತ್ತದೆ, ಯಾರಿಗೂ ಗೊತ್ತಾಗದ ಹಾಗೆ ಮಳೆ "ಕಡಿಮೆ" ಆಗುತ್ತ ಬರುತ್ತದೆ. ಕಂಬ ವಾಲಿದೆಯಾ ಅಂತಲೂ ನೋಡಿ. ಬುಡದಲ್ಲಿ ನೀರಿನ ಗುಳ್ಳೆಯ ಮಟ್ಟ ಇರುತ್ತದೆ, ಗುಳ್ಳೆ ನಡುವೆ ನಿಲ್ಲಬೇಕು. ನಮ್ಮ ಕಂಬಕ್ಕೆ ಒಂದು ಹಸು ದಿನಾ ಮೈ ಉಜ್ಜುತ್ತಿತ್ತು. ಇನ್ನು ಆಲಿಕಲ್ಲು ಬಿದ್ದ ದಿನದ ಅಂಕಿಯನ್ನು ಬಿಟ್ಟುಬಿಡಿ. ಅರ್ಧ ಸಿಡಿದು ಆಚೆ ಹೋಗಿರುತ್ತದೆ, ಅರ್ಧ ನಿಧಾನಕ್ಕೆ ಕರಗಿ ಎಣಿಕೆಯಾಗಿರುತ್ತದೆ.

ಇಷ್ಟೆಲ್ಲಕ್ಕೂ ಸಾಕ್ಷಿಯಾಗಿ ಒಂದು ಡಬ್ಬ ಇಡಿ. ಬಾಯಿ, ಬುಡ ಒಂದೇ ಅಗಲ ಇರುವ ಯಾವುದೇ ಡಬ್ಬ ನಡೆಯುತ್ತದೆ. ಕಂಬದಿಂದ ಮಾರು ದೂರದಲ್ಲಿ, ಬುಡಕ್ಕೆ ಎರಡು ಕಲ್ಲು ಒತ್ತಿಟ್ಟು, ಬೆಳಗ್ಗೆ ಸ್ಕೇಲ್ ಅದ್ದಿ ಆಳ ನೋಡುವುದು. ಆಳ ಎಷ್ಟೋ ಮಳೆ ಅಷ್ಟು. ಆವಿಯಾಗದಿರಲಿ ಅಂತ ನಾಲ್ಕು ತೊಟ್ಟು ಎಣ್ಣೆ ಬಿಡಬಹುದು, ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಡಬ್ಬಕ್ಕೂ ಮೊಬೈಲ್‌ಗೂ ಒಂದೆರಡು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ. 9.4ಕ್ಕೂ 28ಕ್ಕೂ ವ್ಯತ್ಯಾಸ ಬಂದರೆ ಯಾರು ತಪ್ಪು ಅಂತ ಕೇಳುವ ಅಗತ್ಯ ಇಲ್ಲ. ಇದೇ ಥರದ ಹತ್ತು ಡಬ್ಬಗಳನ್ನು ಸ್ಪ್ರಿಂಕ್ಲರ್ ಬೀಳುವ ಜಾಗದಲ್ಲಿ ಅಲ್ಲಲ್ಲಿ ಇಟ್ಟು, ನಾವು ಕೊಟ್ಟೆವು ಅಂದುಕೊಂಡ ಒಂದಿಂಚು ನಿಜಕ್ಕೂ ಒಂದಿಂಚಾ ಅಂತ ಒಮ್ಮೆ ನೋಡಿ. ಅದು ಬೇರೆಯೇ ಕತೆ.

ಮಳೆ ಇಲ್ಲದೆ ಮಳೆ

ಒಮ್ಮೆ ಏಪ್ರಿಲ್‌ನಲ್ಲಿ ಹಾಸನಕ್ಕೆ ಹೋಗಿದ್ದೆ. ಮಧ್ಯಾಹ್ನ ಮೊಬೈಲ್ ತೆಗೆದರೆ ತೋಟದಲ್ಲಿ 31 ಮಿ.ಮೀ. ಮಳೆ. ಖುಷಿಯಲ್ಲಿ ಬ್ಯಾಕಿಂಗ್ ಸಾಕು, ಪಂಪ್ ನಿಲ್ಲಿಸಿ ಅಂತ ರೈಟರ್‌ಗೆ ಫೋನ್ ಮಾಡಿದೆ. "ಮಳೆನಾ? ಇಲ್ಲಿ ಬಿಸಿಲಿಗೆ ನಿಲ್ಲೋಕಾಗ್ತಿಲ್ಲ" ಅಂದರು. ಆಗಿದ್ದೇನು ಅಂದರೆ, ಕಣದ ಪಕ್ಕದ ಬ್ಲಾಕಿಗೆ ಹಾಕಿದ ರೇನ್‌ಗನ್ ಪ್ರತಿ ಸುತ್ತಿಗೂ ಒಂದು ಸಲ ಮಾಪಕಕ್ಕೆ ನೀರು ಹೊಡೆಯುತ್ತಿತ್ತು.

ಇದನ್ನು ಕೂತಲ್ಲೇ ಹಿಡಿಯಬಹುದಿತ್ತು. ನಿಜವಾದ ಬೇಸಿಗೆ ಮಳೆ ಬಂದರೆ ಉಷ್ಣಾಂಶ ದಡಕ್ಕನೆ ಐದಾರು ಡಿಗ್ರಿ ಬೀಳುತ್ತದೆ, ಗಾಳಿ ಎದ್ದಿರುತ್ತದೆ, ಸೋಲಾರ್ ಪ್ಯಾನೆಲ್‌ನ ವೋಲ್ಟೇಜ್ ಇಳಿದಿರುತ್ತದೆ. ಅವತ್ತು ಅದ್ಯಾವುದೂ ಆಗಿರಲಿಲ್ಲ. ಮಗುಚುಗಳೂ ಗಡಿಯಾರದ ಹಾಗೆ ಒಂದೇ ಅಂತರದಲ್ಲಿ ಬಿದ್ದಿದ್ದವು. ಮಳೆ ಹಾಗೆ ಬೀಳುವುದಿಲ್ಲ.

ಗಾಳಿ ಜೋರಾದಾಗ ಮಾತ್ರ ಒಂದೆರಡು ಮಗುಚು ಬರುತ್ತಿದ್ದರೆ ಕಂಬ ಅಲುಗುತ್ತಿದೆ, ಗೂಟ ಬಿಗಿ ಮಾಡಿ. ಗಾಳಿಯೂ ಇಲ್ಲದೆ ಹಗಲು ಹೊತ್ತು ಎಂಟ್ಹತ್ತು ಮಗುಚು ಒಟ್ಟಿಗೆ ಬಂದರೆ ಮಂಗ.

ಬಿಸಿ, ತೇವ

ಮಳೆಯಷ್ಟು ತಲೆನೋವು ಇದರಲ್ಲಿಲ್ಲ. ಆದರೆ ಆಲೂಗೆಡ್ಡೆಯ ಅಂಗಮಾರಿ, ದ್ರಾಕ್ಷಿಯ ಡೌನಿ ರೋಗ, ನಮ್ಮ ಕಾಫಿಯ ಎಲೆ ತುಕ್ಕು, ಇವಕ್ಕೆ ಎಚ್ಚರಿಕೆ ಕೊಡುವ ಆ್ಯಪ್‌ಗಳು ಲೆಕ್ಕ ಹಾಕುವುದು ಉಷ್ಣಾಂಶ, ತೇವಾಂಶ, ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಅನ್ನುವುದರ ಮೇಲೆಯೇ. ಅಲ್ಲಿ ತಪ್ಪಿದರೆ ಸುಮ್ನೆ ಒಂದು ಸಲ ಜಾಸ್ತಿ ಔಷಧಿ ಹೊಡೆದಿರುತ್ತೀರಿ, ಅಥವಾ ಹೊಡೆಯಬೇಕಾದಾಗ ಹೊಡೆದಿರುವುದಿಲ್ಲ.

ಉಷ್ಣಾಂಶ ಜಾಸ್ತಿ ತೋರಿಸುತ್ತಿದೆ ಅನಿಸಿದರೆ ಒಂದು ಮಾಮೂಲಿ ಥರ್ಮಾಮೀಟರ್ ತೆಗೆದುಕೊಂಡು ಎರಡು ಸಲ ಹೋಲಿಸಿ, ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮಧ್ಯಾಹ್ನ ನೆರಳಲ್ಲಿ ಒಮ್ಮೆ. ಬೆಳಗ್ಗೆ ಎರಡೂ ಒಂದೇ ಇದ್ದು ಮಧ್ಯಾಹ್ನ ಮಾತ್ರ ಕೇಂದ್ರ ಮೇಲೆ ಹೋದರೆ ಸೆನ್ಸರ್ ಸರಿಯಿದೆ. ಅದಕ್ಕೆ ಮುಚ್ಚಿದ ಬಿಳಿ ತಟ್ಟೆಗಳ ಗೂಡು ಕೊಳೆಯಾಗಿದೆ, ಇಲ್ಲವೇ ಕೆಳಗಿನ ಸಿಮೆಂಟ್ ಕಣದ ಕಾವು ಹೊಡೆಯುತ್ತಿದೆ. ನಮ್ಮದು ಎರಡೂ ಆಗಿತ್ತು. ಮಳೆಗೆ ಬಯಲು ಬೇಕು, ಬಯಲಿರುವುದು ಕಣದಲ್ಲಿ, ಕಣ ಕಾಯುತ್ತದೆ! ಕೊನೆಗೆ ಉಷ್ಣಾಂಶದ ಗೂಡನ್ನು ಬೇರೆ ಮಾಡಿ ಹುಲ್ಲಿರುವ ಕಡೆ ನೆಟ್ಟೆ. ಎರಡೂ ಹೊತ್ತು ಒಂದೇ ಅಂತರದಲ್ಲಿ ತಪ್ಪಿದರೆ ಮಾತ್ರ ಸೆನ್ಸರ್ ಮೇಲೆ ಅನುಮಾನ ಪಡಿ. ಇದ್ದಕ್ಕಿದ್ದಂತೆ 85 ಡಿಗ್ರಿ, ಅಥವಾ ಮೈನಸ್ 127 ಬಂದರೆ ಹೆದರಬೇಡಿ. ಅಗ್ಗದ, ಜಲನಿರೋಧಕ ತಂತಿ ಸೆನ್ಸರ್‌ಗಳ ಭಾಷೆ ಅದು. 85 ಅಂದರೆ ಕರೆಂಟ್ ಸರಿಯಾಗಿ ಬರುತ್ತಿಲ್ಲ, ಮೈನಸ್ 127 ಅಂದರೆ ಸಂಪರ್ಕವೇ ಇಲ್ಲ. ತಂತಿಯ ತುದಿ ಬಿಚ್ಚಿ, ಹಸಿರು ಕಿಲುಬು ಉಜ್ಜಿ, ಮತ್ತೆ ಸಿಕ್ಕಿಸಿ.

ತೇವಾಂಶಕ್ಕೆ ಉಪ್ಪಿನ ಪರೀಕ್ಷೆ ಮಾಡಿ. ನನಗೆ ಇದು ತುಂಬ ಇಷ್ಟ. ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಕರಗುವಷ್ಟಲ್ಲ, ಒದ್ದೆ ಮರಳಿನ ಹಾಗೆ ಆಗುವಷ್ಟು ನೀರು ಬಿಡಿ. ಅದನ್ನೂ ಸೆನ್ಸರನ್ನೂ ಗಾಳಿಯಾಡದ ಒಂದು ಡಬ್ಬಿಯಲ್ಲಿ ಒಟ್ಟಿಗೆ ಮುಚ್ಚಿ, ಉಪ್ಪು ಸೆನ್ಸರ್‌ಗೆ ತಾಗದಿರಲಿ. ನೆರಳಲ್ಲಿ ಎಂಟು ಗಂಟೆ ಬಿಡಿ. ಒಳಗಿನ ತೇವಾಂಶ ತಾನಾಗಿ 75 ಶೇಕಡಾಕ್ಕೆ ಬಂದು ನಿಲ್ಲುತ್ತದೆ, ಅದು ಉಪ್ಪಿನ ಗುಣ. ಸೆನ್ಸರ್ 72-78ರೊಳಗೆ ತೋರಿಸಿದರೆ ಅದರ ತಂಟೆಗೆ ಹೋಗಬೇಡಿ. ಮಳೆಗಾಲ ಕಳೆದು ಡಿಸೆಂಬರ್ ಮಧ್ಯಾಹ್ನದಲ್ಲೂ 99ಕ್ಕೆ ಅಂಟಿಕೊಂಡಿರುವ ಸೆನ್ಸರ್‌ಗೆ ಈ ಪರೀಕ್ಷೆಯೂ ಬೇಕಿಲ್ಲ, ಅದರ ಆಯಸ್ಸು ಮುಗಿದಿದೆ, ಬದಲಾಯಿಸಿ.

ಎಲೆ ತೇವದ ಸೆನ್ಸರ್ ಇದ್ದವರು ಬೋರ್ಡೋ ಹೊಡೆಯುವ ದಿನ ಅದಕ್ಕೊಂದು ಪ್ಲಾಸ್ಟಿಕ್ ಕವರ್ ತೊಡಿಸಿ, ಸಂಜೆ ನೆನಪಿನಿಂದ ತೆಗೆಯಿರಿ. ಸುಣ್ಣ-ತುತ್ತದ ಪೊರೆ ಕೂತರೆ ಅದಕ್ಕೆ ಒಣಗಿದ್ದೂ ಒದ್ದೆಯೇ.

ಗಾಳಿಯ ಬಗ್ಗೆ ಇಷ್ಟೇ: ಮಾರ್ಚ್ ಮಧ್ಯಾಹ್ನದಲ್ಲಿ ಗಂಟೆಗಟ್ಟಲೆ 0 ಬಂದರೆ ಗಾಳಿಮಾಪಕದ ತಿರುಗುವ ಬಟ್ಟಲುಗಳ ನಡುವೆ ಜೇಡರ ಬಲೆ ಇದೆ. ವಾಯು ಒತ್ತಡ ನಿಮ್ಮ ಕೇಂದ್ರದಲ್ಲಿ 910 ಮಿಲಿಬಾರ್, ಫೋನಿನಲ್ಲಿ 1012 ಅಂದರೆ ಎರಡೂ ಸರಿ. ನಾವಿರುವುದು ಮೂರು ಸಾವಿರ ಅಡಿ ಎತ್ತರದಲ್ಲಿ, ಫೋನು ಹೇಳುವುದು ಸಮುದ್ರಮಟ್ಟಕ್ಕೆ ಇಳಿಸಿದ ಲೆಕ್ಕ.

ನಡುನಡುವೆ ಮಾಹಿತಿಯೇ ಇಲ್ಲ

ಮಾಹಿತಿ ಯಾವ ಹೊತ್ತಿಗೆ ತಪ್ಪುತ್ತದೆ ಅಂತ ನಾಲ್ಕು ದಿನ ಗಮನಿಸಿ, ಉತ್ತರ ಅದರಲ್ಲೇ ಇರುತ್ತದೆ. ರಾತ್ರಿ ಎರಡು-ಮೂರಕ್ಕೆ ನಿಂತು ಬೆಳಗ್ಗೆ ಹತ್ತಕ್ಕೆ ತಾನಾಗಿ ಶುರುವಾದರೆ ಬ್ಯಾಟರಿ. ಜುಲೈ-ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ, ಪ್ಯಾನೆಲ್ ಮೇಲೆ ಪಾಚಿ, ಅದು ತಾನೇ ಎಲ್ಲಿಂದ ಚಾರ್ಜ್ ಮಾಡೀತು? ಪಾಚಿ ಉಜ್ಜಿ, ಮೇಲೆ ಬಾಗಿದ ಕೊಂಬೆ ಕಡಿಸಿ, ಹದಿನೈದು ನಿಮಿಷಕ್ಕೊಮ್ಮೆ ಕಳಿಸುವುದನ್ನು ಗಂಟೆಗೊಮ್ಮೆ ಮಾಡಿದರೆ ಮಳೆಗಾಲ ದಾಟುತ್ತದೆ. ಹೊತ್ತು ಗೊತ್ತಿಲ್ಲದೆ ಹೋಗಿ ಬಂದು ಮಾಡಿದರೆ ನೆಟ್‌ವರ್ಕ್. ಊರಿನ ಟವರ್ ಕರೆಂಟ್ ಹೋದಾಗೆಲ್ಲ ಮಲಗುತ್ತಿದ್ದರೆ ನಿಮ್ಮ ಕೇಂದ್ರ ಏನೂ ಮಾಡಲಾರದು. ಆದರೆ ಒಂದನ್ನು ವಿಚಾರಿಸಿ: ಸಿಗ್ನಲ್ ಇಲ್ಲದಾಗ ಮಾಹಿತಿಯನ್ನು ಅದು ಒಳಗೆ ಉಳಿಸಿಕೊಂಡು ಆಮೇಲೆ ಕಳಿಸುತ್ತದಾ, ಇಲ್ಲಾ ಬಿಟ್ಟೇಬಿಡುತ್ತದಾ? ಒಟ್ಟಿಗೆ ಕಳಿಸುವಂಥದ್ದಾದರೆ ಆರು ಗಂಟೆಯ ಮಳೆಯೆಲ್ಲ ಸಿಗ್ನಲ್ ಬಂದ ಆ ಒಂದು ಗಂಟೆಗೆ ಬಿದ್ದಂತೆ ಕಾಣಬಹುದು. ಅದನ್ನು ನೋಡಿ ಮೇಘಸ್ಫೋಟ ಅಂತ ಊರಿಗೆಲ್ಲ ಹಂಚಬೇಡಿ.

ಇನ್ನು ಪೆಟ್ಟಿಗೆ ತೆರೆಯುವಾಗ ಜೋಪಾನ. ಒಳಗೆ ಇರುವೆ ಗೂಡು ಕಟ್ಟಿರುವುದು ಗ್ಯಾರಂಟಿ.

ಪಂಚಾಯಿತಿ ಮಾಪಕದ ಜೊತೆ ಹೋಲಿಸುವಾಗ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಅನ್ನುವ ಲೆಕ್ಕದಲ್ಲಿ ರಾಜ್ಯವಿಡೀ ಹಾಕಿದ್ದಾರೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಮ್ಮ ಕಡೆಯ ಮಳೆ, ಮುನ್ಸೂಚನೆ ಹೇಳುತ್ತಾರೆ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಬೆಳೆ ಸಲಹೆ ಬರುತ್ತದೆ. ಮುಂದೆ ಏನಾಗಬಹುದು ಅನ್ನುವುದಕ್ಕೆ ಇವು ಬೇಕು. ನಿಮ್ಮ ಮಾಪಕ ಸರಿಯಿದೆಯಾ ಅಂತ ನೋಡುವುದಕ್ಕೂ ಬೇಕು, ಆದರೆ ಒಂದು ದಿನದ ಅಂಕಿ ಇಟ್ಟುಕೊಂಡು ಜಗಳಕ್ಕೆ ಹೋಗಬಾರದು. ಸಕಲೇಶಪುರದಿಂದ ಹಾಸನ ನಲವತ್ತು ಕಿಲೋಮೀಟರ್. ಅಷ್ಟರಲ್ಲೇ ವರ್ಷದ ಮಳೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪಂಚಾಯಿತಿ ಕಚೇರಿ ನಿಮ್ಮಿಂದ ಮೂರು ಕಿಲೋಮೀಟರ್ ಪೂರ್ವಕ್ಕಿದ್ದರೆ ಅಲ್ಲಿ ಕಡಿಮೆ ಇರುವುದೇ ಸರಿ.

ನಾನು ಮಾಡುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರ ವಾರದ ಮೊತ್ತ ಬರೆದು, ನಮ್ಮದು ಅವರದರ ಎಷ್ಟು ಪಟ್ಟು ಅಂತ ನೋಡುತ್ತೇನೆ. ಒಂದೂ ಕಾಲು ಪಟ್ಟು ಅಂತಿಟ್ಟುಕೊಳ್ಳಿ. ಅದು ವಾರದಿಂದ ವಾರಕ್ಕೆ ಸ್ವಲ್ಪ ಆಚೀಚೆ ಆದರೂ ಮಳೆಗಾಲವಿಡೀ ಅದರ ಸುತ್ತಲೇ ಸುಳಿಯುತ್ತದೆ. ಒಂದು ವಾರದಿಂದ ಈಚೆಗೆ ಅದು ಮುಕ್ಕಾಲಿಗೆ ಇಳಿದು ಅಲ್ಲೇ ನಿಂತರೆ ಮೋಡದ ತಪ್ಪಲ್ಲ, ಆ ವಾರ ಕಂಬಕ್ಕೆ ಏನೋ ಆಗಿದೆ. ಹೋಗಿ ಆಲಿಕೆ ಎತ್ತಿ.

ಹೂಮಳೆಯ ಹೊತ್ತಿಗೆ ಈ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ. ಅದು ಒಂದೇ ಮಳೆ, ಹೋಲಿಸಲು ಹಿಂದೆ ಮುಂದೆ ಏನೂ ಇಲ್ಲ. ಹಾಗಾಗಿ ಫೆಬ್ರವರಿ ಮೊದಲ ವಾರ ಆಲಿಕೆ ತೊಳೆದು, ತೂತಿಗೆ ಕಡ್ಡಿ ಹಾಕಿ, ಬಾಟಲಿ ಪರೀಕ್ಷೆ ಮುಗಿಸಿಬಿಡುತ್ತೇನೆ. ಆಮೇಲೆ ಮಳೆ ಬರುವವರೆಗೆ ಭಾನುವಾರ ಭಾನುವಾರ ಒಮ್ಮೆ ಇಣುಕಿ ನೋಡುವುದು. ಮಳೆ ಬಂದ ರಾತ್ರಿ ಎಷ್ಟೇ ಹೊತ್ತಾದರೂ ಟಾರ್ಚ್ ಹಿಡಿದು ಹೋಗಿ ಡಬ್ಬಕ್ಕೆ ಸ್ಕೇಲ್ ಅದ್ದುತ್ತೇನೆ, ಗುದ್ದಲಿಯಲ್ಲಿ ಒಂದು ಗಿಡದ ಬುಡ ಕೆದಕಿ ತೇವ ಎಲ್ಲಿಗೆ ಇಳಿದಿದೆ ಅಂತ ನೋಡುತ್ತೇನೆ, ಆಮೇಲೆ ಮೊಬೈಲ್. ಮೂರರಲ್ಲಿ ಎರಡು ಒಂದೇ ಮಾತು ಹೇಳುವವರೆಗೆ ಪಂಪ್ ಮುಟ್ಟುವುದಿಲ್ಲ.

ಒಂದು ಉಳಿಯಿತು. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಏಳರ ಸುಮಾರಿಗೆ 0.2 ಮಿ.ಮೀ. ಬರುತ್ತದೆ, ವಾರಕ್ಕೆ ಎರಡು-ಮೂರು ಸಲ. ಮೊದಲ ವರ್ಷ ಇದರ ಹಿಂದೆ ಬಿದ್ದು ಸ್ವಿಚ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಮಂಗನನ್ನೂ ಕಾದೆ. ಕೊನೆಗೆ ಒಂದು ದಿನ ಬೆಳಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಕಂಬದ ಪಕ್ಕ ನಿಂತೆ. ಆಲಿಕೆಯ ಗೋಡೆಯ ತುಂಬ ಇಬ್ಬನಿ. ಬಿಸಿಲು ತಾಗುವ ಮೊದಲೇ ಹನಿಗಳು ಒಂದಕ್ಕೊಂದು ಸೇರಿ ಜಾರಲು ಶುರುವಾದವು. ಏಳು ಗಂಟೆ ಎಂಟು ನಿಮಿಷಕ್ಕೆ "ಟಿಕ್".